ನಿಮಗಿದು ಗೊತ್ತೆ? ನಲವತ್ತರ ಛೆಟ್ರಿ, ನಿಂತುಹೋದ ಸಂಬಳ
ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 2024ರ ಡಿಸೆಂಬರ್ 7ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದು, ಇಂಡಿಯನ್ ಸೂಪರ್ ಲೀಗ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಅತಿ ಹಿರಿಯ ಆಟಗಾರರಾದರು. ಆಗ ಅವರಿಗೆ 40 ವರ್ಷ. ಆ ಋತುವಿನಲ್ಲಿ ಅವರು ಗಳಿಸಿದ 14 ಗೋಲುಗಳನ್ನು ಬೇರಾವ ಭಾರತೀಯನೂ ಮುಟ್ಟಲಿಲ್ಲ. ಲೀಗ್ ಹಂತದಲ್ಲಿ ಮೂರನೇ ಸ್ಥಾನ ಪಡೆದ ತಂಡ ಫೈನಲ್ ತಲುಪಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೊದಲು ಮುನ್ನಡೆ ಸಿಕ್ಕಿದ್ದು ಬೆಂಗಳೂರಿಗೇ, ಅದೂ ಎದುರಾಳಿಯ ಸ್ವಂತ ಗೋಲಿನಿಂದ. ಆದರೆ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್ 2–1ರಿಂದ ಗೆದ್ದಿತು. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಲಬ್ ತನ್ನ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಇದಕ್ಕೆ ಕಾರಣ ಲೀಗ್‌ನ ಭವಿಷ್ಯದ ಅನಿಶ್ಚಿತತೆ. ಲೀಗ್ ನಡೆಸುವ ಹಕ್ಕಿನ ಕುರಿತು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಎಫ್‌ಎಸ್‌ಡಿಎಲ್ ಕಂಪನಿಯೊಂದಿಗೆ ಮಾಡಿಕೊಂಡಿದ್ದ ಒಪ್ಪಂದದ ಅವಧಿ 2025ರ ಡಿಸೆಂಬರ್ 8ರವರೆಗೆ ಮಾತ್ರ ಇತ್ತು.