ಈ ಆಲೂಗಡ್ಡೆ ಎಲೆ ಯಾವ ಊರಿಂದು?

ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀವಿ ಅಂದ್ಮೇಲೆ ಆಲೂಗಡ್ಡೆ ರೋಗ ಪತ್ತೆ ಮಾಡೋ ಪ್ರಾಜೆಕ್ಟ್ ಯಾರಾದ್ರೂ ಒಬ್ರು ಮಾಡೇ ಮಾಡ್ತಾರೆ. ಹೋದ ವರ್ಷ ಆ ಸರದಿ ನಮ್ಮದು. ಎಲೆಯ ಫೋಟೋ ಕೊಟ್ಟರೆ ಅಂಗಮಾರಿ ಇದೆಯೋ ಇಲ್ಲವೋ ಹೇಳುವ ಮಾಡೆಲ್. ಅಕ್ಯುರೆಸಿ 98 ಪರ್ಸೆಂಟ್. ಎದೆಯುಬ್ಬಿಸಿಕೊಂಡೇ ವೈವಾಗೆ ಹೋದ್ವಿ.

"ಈ ಎಲೆ ಯಾವ ಊರಿಂದಪ್ಪಾ?" ಅಂದ್ರು ಎಕ್ಸ್‌ಟರ್ನಲ್.

"ಕ್ಯಾಗಲ್‌ದು ಸರ್."

"ಕ್ಯಾಗಲ್ ಯಾವ ತಾಲ್ಲೂಕು? ಅರಕಲಗೂಡಾ, ಹೊಳೆನರಸೀಪುರನಾ?"

ಎಲ್ಲರೂ ನಕ್ಕರು. ನನಗೆ ಮಾತ್ರ ಉತ್ತರ ಗೊತ್ತಿರಲಿಲ್ಲ. ರೂಮಿಗೆ ಬಂದು ಹುಡುಕಿದೆ. ಆ ಫೋಟೋಗಳು ಪ್ಲಾಂಟ್‌ವಿಲೇಜ್ ಅನ್ನೋ ಡೇಟಾಸೆಟ್‌ನವು. ಎಲೆ ಕಿತ್ತು, ಒಂದೇ ಬಣ್ಣದ ಹಾಳೆ ಮೇಲಿಟ್ಟು ತೆಗೆದವು. ಆಲೂಗಡ್ಡೆಯ ಎರಡು ರೋಗಗಳಿಗೆ ಸಾವಿರ ಸಾವಿರ ಚಿತ್ರ, ಆರೋಗ್ಯವಾದ ಎಲೆಗೆ ಬರೀ 152. ಈ ಡೇಟಾಸೆಟ್ ಬಳಸಿದ ಮೊಹಂತಿ ಮತ್ತಿತರರ 2016ರ ಪೇಪರ್‌ನಲ್ಲಿ ಅಕ್ಯುರೆಸಿ 99.35 ಪರ್ಸೆಂಟ್ ಇದೆ. ಅದೇ ಪೇಪರ್ ಇನ್ನೊಂದು ಮಾತೂ ಹೇಳುತ್ತೆ: ಬೇರೆ ಕಡೆ ತೆಗೆದ ಫೋಟೋ ಕೊಟ್ಟಾಗ ಅದು 31 ಪರ್ಸೆಂಟ್ ಆಸುಪಾಸಿಗೆ ಇಳಿಯಿತು! ಆ ಪೇಪರ್ ನಮ್ಮ ರೆಫರೆನ್ಸ್ ಲಿಸ್ಟ್‌ನಲ್ಲಿ ಇತ್ತು. ಯಾರೂ ಓದಿರಲಿಲ್ಲ, ಅಷ್ಟೇ.

ರೆಫರೆನ್ಸ್ ಅಂದ್ರೆ ರಿಪೋರ್ಟಿನ ಕೊನೇ ಪುಟಕ್ಕೆ ಹಾಕೋ ಅಲಂಕಾರ ಅಂದ್ಕೊಂಡಿದ್ದೀವಿ. ಓದುವವನು ಹೋಗಿ ಪರೀಕ್ಷೆ ಮಾಡಲಿ ಅಂತ ಕೊಡೋ ವಿಳಾಸ ಅದು. ಕ್ಯಾಗಲ್ ಅಂಗಡಿ ಇದ್ದ ಹಾಗೆ, ಬೆಳೆದವರು ಬೇರೆ. ಬೆಳೆದವರ ಹೆಸರು, ಶೀರ್ಷಿಕೆ, ವರ್ಷ ಮೊದಲು ಬರಬೇಕು. ಲಿಂಕ್, ನೀವು ಇಳಿಸಿಕೊಂಡ ದಿನ ಆಮೇಲೆ. ಐಇಇಇ ಪದ್ಧತಿಯಲ್ಲಾದರೆ ವಾಕ್ಯದಲ್ಲಿ [1], [2] ಅಂತ ಬಂದ ಕ್ರಮದಲ್ಲೇ ನಂಬರ್ ಹಾಕಿ. ಅದೇ ಆಕರ ಮತ್ತೆ ಬಂದರೆ ಹಳೇ ನಂಬರೇ.

ಯಾವ ಆವೃತ್ತಿ ಅಂತ ಬರೆಯೋದನ್ನ ಮರೀಬೇಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನೇ ನೋಡಿ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ 144 ಇದ್ದವು. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದಾಗ 500 ಆದವು, ಕ್ರಮಸಂಖ್ಯೆಗಳೂ ಬದಲಾದವು. ಬರೀ 'ಶಾಸನ ಸಂಖ್ಯೆ ಇಷ್ಟು' ಅಂದ್ರೆ ಯಾವ ಕಲ್ಲು ಅಂತ ಹುಡುಕೋದು? ಸಿವಿಲ್‌ನವರ ಐಎಸ್ 10262 ಕತೆಯೂ ಇದೇ: 2009ರದ್ದು ಬೇರೆ, 2019ರದ್ದು ಬೇರೆ.

ಕಾಪಿ ವಿಷಯಕ್ಕೆ ಬಂದ್ರೆ, ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡನೆ ಇಲ್ಲ. ಹಾಗಂತ 9 ಪರ್ಸೆಂಟ್ ಕದೀಬಹುದು ಅಂತಲ್ಲ! ಪದ ಬದಲಿಸಿ ಬರೆದರೂ ವಿಚಾರ ಅವರದ್ದೇ, ಹಾಗಾಗಿ ನಂಬರ್ ಹಾಕಲೇಬೇಕು. ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸನ್ನಂತೂ ತೆರೆದು ನೋಡದೆ ಹಾಕಬೇಡಿ, ಇಲ್ಲದ ಪೇಪರನ್ನೂ ಅದು ಇದೆ ಅನ್ನುತ್ತೆ.

ಈ ಸಲ ಜೂನಿಯರ್ಸ್ ಅರಕಲಗೂಡು ಕಡೆ ಹೊಲಕ್ಕೇ ಹೋಗಿ ಫೋಟೋ ತೆಗೀತಾರಂತೆ. ಊರು, ದಿನಾಂಕ, ತಳಿ, ಯಾವ ಫೋನು, ಎಲ್ಲ ಅಲ್ಲೇ ಬರೆದಿಟ್ಟುಕೊಳ್ಳಿ. ಹೊಲದವರನ್ನ ಒಂದು ಮಾತು ಕೇಳಿ; ಅವರು ಒಪ್ಪಿದರೆ ರಿಪೋರ್ಟಿನಲ್ಲಿ ಅವರ ಹೆಸರೂ ಇರಲಿ.