ಎದೆಗಿಳಿದು ಗಂಟಲಿಗೆ ಮರಳುವ ನರ

ಊಟದ ನಡುವೆ ನೀರು ಕುಡಿಯುತ್ತಲೇ ಮಾತಿಗಿಳಿದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು ಒತ್ತರಿಸಿ ಬರುತ್ತದೆ. ಕಣ್ಣಲ್ಲಿ ನೀರು, ಮುಖವೆಲ್ಲ ಕೆಂಪು. ‘ನೆತ್ತಿಗೆ ಹತ್ತಿತು’ ಎನ್ನುತ್ತಾ ಅಜ್ಜಿ ತಲೆ ತಟ್ಟುತ್ತಾರೆ. ‘ಯಾರೋ ನೆನೆಸಿಕೊಳ್ಳುತ್ತಿದ್ದಾರೆ’ ಎಂಬ ಮಾತೂ ಜೊತೆಗೆ ಬರುತ್ತದೆ. ವಾಸ್ತವವಾಗಿ ನೀರು ನೆತ್ತಿಗೆ ಹೋಗಿರುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾಗಿದ್ದ ಒಂದೆರಡು ಹನಿ ದಾರಿ ತಪ್ಪಿ ಧ್ವನಿಪೆಟ್ಟಿಗೆಯ ಬಾಗಿಲು ತಟ್ಟಿರುತ್ತದೆ, ಅಷ್ಟೆ. ಅದನ್ನು ಕ್ಷಣಾರ್ಧದಲ್ಲಿ ಪತ್ತೆಹಚ್ಚಿ, ಕೆಮ್ಮಿಸಿ ಹೊರದಬ್ಬುವ ಕೆಲಸ ಗಂಟಲಿನ ನರಗಳದು.

ಮಾತು, ಹಾಡು, ಊಟ, ಉಸಿರು ಎಲ್ಲಕ್ಕೂ ಬೇಕಾದ ಈ ನರಗಳ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ಇವುಗಳಲ್ಲಿ ಒಂದಂತೂ ಗಂಟಲನ್ನು ತಲುಪಲು ಎದೆಯವರೆಗೆ ಹೋಗಿ ಮರಳಿ ಬರುತ್ತದೆ! ಈ ವಿಚಿತ್ರ ಪ್ರಯಾಣದಿಂದಾಗಿಯೇ ಧ್ವನಿಯ ತೊಂದರೆ ಕೆಲವೊಮ್ಮೆ ಗಂಟಲಿನ ತೊಂದರೆಯಾಗಿರುವುದಿಲ್ಲ.

ನಾಲ್ಕು ದಾರಿ ಕೂಡುವ ಜಾಗ

ಗಂಟಲು ಎಂದರೆ ಮೂಗಿನ ಹಿಂಭಾಗದಿಂದ ಕುತ್ತಿಗೆಯ ಕೆಳಭಾಗದವರೆಗೆ ಇಳಿಯುವ, ಸುಮಾರು 12ರಿಂದ 14 ಸೆಂ.ಮೀ. ಉದ್ದದ ಸ್ನಾಯುಗಳ ಕೊಳವೆ. ಮೇಲಿನಿಂದ ಮೂಗು ಮತ್ತು ಬಾಯಿಯ ದಾರಿಗಳು ಇಲ್ಲಿಗೆ ಬಂದು ಸೇರುತ್ತವೆ. ಕೆಳಗೆ ಶ್ವಾಸನಾಳ ಮುಂದಕ್ಕೂ ಅನ್ನನಾಳ ಅದರ ಹಿಂದಕ್ಕೂ ಕವಲೊಡೆಯುತ್ತವೆ. ಮೂಗು ಇರುವುದು ಬಾಯಿಯ ಮೇಲೆ. ಶ್ವಾಸನಾಳ ಇರುವುದು ಅನ್ನನಾಳದ ಮುಂದೆ. ಆದ್ದರಿಂದ ಗಾಳಿಯ ದಾರಿಯೂ ಅನ್ನದ ದಾರಿಯೂ ಗಂಟಲಿನಲ್ಲಿ ಪರಸ್ಪರ ಅಡ್ಡ ಹಾಯಲೇಬೇಕು. ರೈಲ್ವೆ ಗೇಟಿನಂತೆ, ಒಂದು ಹೋಗುವಾಗ ಇನ್ನೊಂದು ನಿಲ್ಲಬೇಕು.

ನುಂಗುವಾಗ ಆಗುವುದು ಇದೇ. ಅಂಗುಳಿನ ಹಿಂಭಾಗದ ಮೃದುವಾದ ಪದರ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ನಾಲಿಗೆಯ ಬುಡದ ಕೆಳಗೆ ಅಡಗುತ್ತದೆ. ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಅದರ ಮೇಲೆ ಬಾಗುತ್ತದೆ. ಒಳಗೆ ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಅಷ್ಟು ಹೊತ್ತು ಉಸಿರು ನಿಂತಿರುತ್ತದೆ. ತುತ್ತು ಗಂಟಲನ್ನು ದಾಟಲು ಬೇಕಾಗುವುದು ಸುಮಾರು ಒಂದು ಸೆಕೆಂಡು ಮಾತ್ರ. ಕುತ್ತಿಗೆಯ ಮುಂಭಾಗದ ಗಂಟಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಧ್ವನಿಪೆಟ್ಟಿಗೆ ಮೇಲೇರಿ ಇಳಿಯುವುದು ತಿಳಿಯುತ್ತದೆ. ‘ಉಣ್ಣುವಾಗ ಮಾತನಾಡಬೇಡ’ ಎಂಬ ಹಿರಿಯರ ಮಾತು ಕೇವಲ ಶಿಷ್ಟಾಚಾರವಲ್ಲ. ಮಾತನಾಡಲು ತೆರೆದಿರಬೇಕಾದ ಬಾಗಿಲು ನುಂಗಲು ಮುಚ್ಚಿರಬೇಕು.

ಒಂಬತ್ತು ಮೃದ್ವಸ್ಥಿಗಳ ಪೆಟ್ಟಿಗೆ

ಧ್ವನಿಪೆಟ್ಟಿಗೆಯ ಚೌಕಟ್ಟು 9 ಮೃದ್ವಸ್ಥಿಗಳಿಂದ ಆಗಿದೆ. ಇವುಗಳಲ್ಲಿ ದೊಡ್ಡದಾದ ಥೈರಾಯ್ಡ್ ಮೃದ್ವಸ್ಥಿಯೇ ಗಂಡಸರ ಕುತ್ತಿಗೆಯಲ್ಲಿ ಉಬ್ಬಿ ಕಾಣುವ ಗಂಟು. ಇದರೊಳಗೆ ಹಿಂದಿನಿಂದ ಮುಂದಕ್ಕೆ ಚಾಚಿಕೊಂಡ ಎರಡು ಮಡಿಕೆಗಳೇ ಧ್ವನಿತಂತುಗಳು. ಉಸಿರಾಡುವಾಗ ಇವು ಇಂಗ್ಲಿಷಿನ ‘ವಿ’ ಅಕ್ಷರದಂತೆ ಅಗಲಿರುತ್ತವೆ. ಮಾತನಾಡುವಾಗ ಹತ್ತಿರ ಬಂದು ಶ್ವಾಸಕೋಶದ ಗಾಳಿಗೆ ಕಂಪಿಸುತ್ತವೆ. ಮಾತಿನಲ್ಲಿ ವಯಸ್ಕ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು. ಗಂಟಲ ಮೇಲೆ ಬೆರಳಿಟ್ಟು ಮೊದಲು ‘ಸ್‌ಸ್‌ಸ್‌’ ಎಂದೂ ಅನಂತರ ‘ಮ್‌ಮ್‌ಮ್‌’ ಎಂದೂ ಹೇಳಿದರೆ, ಎರಡನೆಯದರಲ್ಲಿ ಮಾತ್ರ ಈ ಕಂಪನ ಸಿಗುತ್ತದೆ.

ಜೀವಂತ ಮನುಷ್ಯನ ಧ್ವನಿತಂತುಗಳ ಚಲನೆಯನ್ನು ಕನ್ನಡಿಯಲ್ಲಿ ಸ್ಪಷ್ಟವಾಗಿ ನೋಡಿ ವಿವರಿಸಿದ್ದು ವೈದ್ಯನಲ್ಲ, ಒಬ್ಬ ಸಂಗೀತ ಶಿಕ್ಷಕ! ಮ್ಯಾನುಯೆಲ್ ಗಾರ್ಸಿಯಾ ಎಂಬಾತ 1854ರಲ್ಲಿ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತನ್ನ ಗಂಟಲೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ ತನ್ನದೇ ಧ್ವನಿತಂತುಗಳನ್ನು ಕಂಡ. ಮರುವರ್ಷ ಅದರ ವಿವರ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂತು.

ಎರಡು ನರಗಳ ಹೊಣೆ

ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಇವುಗಳಲ್ಲಿ ಗಂಟಲಿನ ಹೆಚ್ಚಿನ ಹೊಣೆ ಒಂಬತ್ತನೆಯ ಮತ್ತು ಹತ್ತನೆಯ ಜೋಡಿಗಳದ್ದು. ಒಂಬತ್ತನೆಯದು ನಾಲಿಗೆಯ ಹಿಂಭಾಗ, ಟಾನ್ಸಿಲ್ ಮತ್ತು ಗಂಟಲಿನ ಗೋಡೆಯ ಸ್ಪರ್ಶ, ನೋವುಗಳನ್ನು ಮಿದುಳಿಗೆ ತಿಳಿಸುತ್ತದೆ. ಇದರ ಒಂದು ಕವಲು ಕಿವಿಯ ಒಳಭಾಗಕ್ಕೂ ಹೋಗುತ್ತದೆ. ಟಾನ್ಸಿಲ್ ಬಾತುಕೊಂಡ ಮಗು ಕೆಲವೊಮ್ಮೆ ‘ಕಿವಿ ನೋವು’ ಎಂದು ಅಳುವುದು ಇದರಿಂದಲೇ.

ಹತ್ತನೆಯದು ವೇಗಸ್ ನರ. ‘ಅಲೆಮಾರಿ’ ಎಂಬುದು ಈ ಲ್ಯಾಟಿನ್ ಹೆಸರಿನ ಅರ್ಥ. ಮಿದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಜಠರಗಳನ್ನೆಲ್ಲ ಸುತ್ತಿ ಬರುವ ಇದಕ್ಕೆ ಆ ಹೆಸರು ಸರಿಯಾಗಿಯೇ ಇದೆ. ಧ್ವನಿಪೆಟ್ಟಿಗೆಗೆ ಪ್ರತಿ ಬದಿಯಲ್ಲೂ ವೇಗಸ್‌ನ ಎರಡು ಶಾಖೆಗಳು ಬರುತ್ತವೆ. ಮೇಲಿನ ಶಾಖೆ ಧ್ವನಿತಂತುಗಳ ಮೇಲ್ಭಾಗದ ಕಾವಲುಗಾರ. ತಪ್ಪಿ ಬಂದ ಹನಿಯನ್ನು ಹಿಡಿಯುವುದು ಇದೇ. ಧ್ವನಿತಂತುಗಳನ್ನು ಎಳೆದು ಬಿಗಿಗೊಳಿಸಿ ಸ್ವರವನ್ನು ಏರಿಸುವ ಒಂದು ಸ್ನಾಯುವೂ ಇದರ ಅಧೀನ. ಧ್ವನಿಪೆಟ್ಟಿಗೆಯ ಒಳಗಿನ ಉಳಿದೆಲ್ಲ ಸ್ನಾಯುಗಳನ್ನು ನಡೆಸುವುದು ಎರಡನೆಯ ಶಾಖೆ. ಉಸಿರಿಗಾಗಿ ಧ್ವನಿತಂತುಗಳನ್ನು ಅಗಲಿಸುವ ಸ್ನಾಯು ಪ್ರತಿ ಬದಿಗೆ ಒಂದೇ ಒಂದು. ಅದೂ ಈ ಶಾಖೆಯನ್ನೇ ನಂಬಿದೆ.

ಸುತ್ತು ದಾರಿಯ ಗುಟ್ಟು

ಈ ಎರಡನೆಯ ಶಾಖೆಯನ್ನು ವೈದ್ಯರು ‘ರಿಕರೆಂಟ್ ಲಾರಿಂಜಿಯಲ್’ ನರ ಎನ್ನುತ್ತಾರೆ; ಮರಳಿ ಬರುವ ಕಂಠನರ ಎನ್ನಬಹುದು. ವೇಗಸ್ ನರ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋದರೂ ಈ ಶಾಖೆ ಅಲ್ಲಿ ಕವಲೊಡೆಯುವುದಿಲ್ಲ. ಎಡಗಡೆಯದು ಎದೆಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಕೆಳಗೆ ಬಳಸಿ, ಮತ್ತೆ ಮೇಲೇರಿ ಗಂಟಲಿಗೆ ಬರುತ್ತದೆ. ಬಲಗಡೆಯದು ಅಷ್ಟು ಕೆಳಗೆ ಹೋಗದೆ, ಬಲಗೈಗೆ ರಕ್ತ ಒಯ್ಯುವ ಅಪಧಮನಿಯನ್ನು ಸುತ್ತಿ ಮರಳುತ್ತದೆ.

ಏಕೆ ಹೀಗೆ? ಉತ್ತರ ಇರುವುದು ತಾಯಿಯ ಗರ್ಭದಲ್ಲಿ. ಮೊದಲ ವಾರಗಳ ಭ್ರೂಣಕ್ಕೆ ಕುತ್ತಿಗೆಯೇ ಇರುವುದಿಲ್ಲ; ಹೃದಯ ತಲೆಯ ಬುಡದಲ್ಲೇ ಇರುತ್ತದೆ. ಆಗ ಈ ನರಕ್ಕೆ ರಕ್ತನಾಳದ ಕೆಳಗಿನ ದಾರಿಯೇ ನೇರ ದಾರಿ. ಮುಂದೆ ಕುತ್ತಿಗೆ ಬೆಳೆದು ಹೃದಯ ಎದೆಗೆ ಇಳಿದಾಗ ರಕ್ತನಾಳ ಕೊಕ್ಕೆಯಂತೆ ನರವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಉದ್ದ ಕತ್ತಿನ ಜಿರಾಫೆಯಲ್ಲೂ ಇದೇ ಏರ್ಪಾಡು. ಅಲ್ಲಿ ಎಡನರದ ಉದ್ದ 4 ಮೀಟರಿಗೂ ಹೆಚ್ಚು! ಮೀನುಗಳ ಕಿವಿರಿನ ನರಗಳಿಂದ ಬಂದ ಹಳೆಯ ಏರ್ಪಾಡು ಇದೆಂದು ಜೀವವಿಕಾಸದ ಪಾಠದಲ್ಲಿ ಉದಾಹರಿಸುವುದುಂಟು.

ಹಂದಿಯ ಕೂಗು ನಿಂತಾಗ

ಈ ನರದ ಮಹತ್ವ ಮೊದಲು ತಿಳಿದದ್ದು ಕ್ರಿ.ಶ. 2ನೇ ಶತಮಾನದಲ್ಲಿ. ರೋಮ್‌ನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನ್ ಜೀವಂತ ಹಂದಿಯ ಮೇಲೆ ಪ್ರಯೋಗ ಮಾಡುತ್ತ ಈ ನರಗಳನ್ನು ಕತ್ತರಿಸಿದಾಗ ಅದು ಒದ್ದಾಡುತ್ತಲೇ ಇತ್ತು, ಆದರೆ ಕೂಗು ನಿಂತುಹೋಯಿತು. ಧ್ವನಿಯ ಮೂಲ ಹೃದಯ ಎಂದು ನಂಬಿದ್ದವರಿಗೆ, ಅಪ್ಪಣೆ ಬರುವುದು ಮಿದುಳಿನಿಂದ ಎಂದು ಆತ ಹೀಗೆ ತೋರಿಸಿದ.

ಈ ನರ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಂತೆ ಸಾಗುತ್ತದೆ. ಆದ್ದರಿಂದ ಗಳಗಂಡದ ಶಸ್ತ್ರಚಿಕಿತ್ಸೆ ಬಹುಕಾಲ ಅಪಾಯದ ಕೆಲಸವಾಗಿತ್ತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಚರ್ ರಕ್ತಸ್ರಾವ ತಡೆದು, ನಿಧಾನವಾಗಿ, ಅಚ್ಚುಕಟ್ಟಾಗಿ ಬಿಡಿಸುವ ಕ್ರಮವನ್ನು ರೂಢಿಗೆ ತಂದರು. ಥೈರಾಯ್ಡ್ ಕುರಿತ ಕೆಲಸಕ್ಕಾಗಿ 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈಗ ಶಸ್ತ್ರಚಿಕಿತ್ಸೆಯ ನಡುವೆಯೇ ನರದ ಸ್ಥಿತಿ ತಿಳಿಸುವ ವಿದ್ಯುತ್ ಉಪಕರಣಗಳಿವೆ. ಒಂದು ಬದಿಯ ನರ ಸೋತರೆ ಧ್ವನಿ ಗೊಗ್ಗರಾಗಿ ಗಾಳಿ ಸೋರಿದಂತಾಗುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಎರಡೂ ಸೋತರೆ ಉಸಿರಿಗೇ ಸಂಚಕಾರ.

ಗಂಟಲಿನ ದೂರು, ಎದೆಯ ಕಾರಣ

ದಾರಿ ಉದ್ದವಾದಷ್ಟೂ ಅಡ್ಡಿಗಳು ಹೆಚ್ಚು. ಶ್ವಾಸಕೋಶದ ಗಡ್ಡೆ, ಎದೆಯೊಳಗಿನ ಊದಿದ ದುಗ್ಧಗ್ರಂಥಿ, ಉಬ್ಬಿದ ಮಹಾಪಧಮನಿ ಎಡನರವನ್ನು ಒತ್ತಬಹುದು. ಧ್ವನಿ ಕೆಟ್ಟಿತೆಂದು ಹೋದವರಿಗೆ ವೈದ್ಯರು ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಬರೆದುಕೊಟ್ಟರೆ ಅಚ್ಚರಿಪಡಬೇಕಿಲ್ಲ.

1897ರಲ್ಲಿ ವಿಯೆನ್ನಾದ ವೈದ್ಯ ನಾರ್ಬರ್ಟ್ ಓರ್ಟ್ನರ್ ಹೃದಯದ ಕವಾಟ ಕಿರಿದಾದ ರೋಗಿಗಳ ಧ್ವನಿ ಕುಸಿದುದನ್ನು ವರದಿ ಮಾಡಿದರು. ಇದು ಅಪರೂಪ. ಆದರೆ ಕವಾಟ ಹೀಗೆ ಕಿರಿದಾಗಲು ಮುಖ್ಯ ಕಾರಣ ಬಾಲ್ಯದ ರುಮ್ಯಾಟಿಕ್ ಜ್ವರ. ಆ ಜ್ವರ ಬರುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದಾದ ಗಂಟಲುನೋವಿಗೆ ಸರಿಯಾದ ಚಿಕಿತ್ಸೆ ಸಿಗದಾಗ. ಅಂದರೆ ಗಂಟಲಿನ ಸೋಂಕು ಹೃದಯವನ್ನು ಕೆಡಿಸಿ, ವರ್ಷಗಳ ನಂತರ ಮತ್ತೆ ಗಂಟಲಿನ ಧ್ವನಿಯನ್ನೇ ಕಸಿಯಬಲ್ಲದು!

ಪಾಲಕರು ಗಮನಿಸಬೇಕಾದ್ದು

ರುಮ್ಯಾಟಿಕ್ ಜ್ವರ 5ರಿಂದ 15ರ ವಯಸ್ಸಿನಲ್ಲಿ ಹೆಚ್ಚು. ಮಗುವಿಗೆ ಜ್ವರದೊಂದಿಗೆ ತೀವ್ರ ಗಂಟಲುನೋವು ಬಂದರೆ ವೈದ್ಯರಿಗೆ ತೋರಿಸಿ. ಅವರು ಆಂಟಿಬಯಾಟಿಕ್ ಕೊಟ್ಟರೆ ನೋವು ಎರಡೇ ದಿನದಲ್ಲಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಬೇಕು.

ಹದಿಹರೆಯದ ಹುಡುಗರ ಧ್ವನಿ ಒಡೆಯುವುದು ಸಹಜ. ಧ್ವನಿಪೆಟ್ಟಿಗೆ ಬೇಗಬೇಗ ಬೆಳೆಯುವುದೇ ಕಾರಣ. ಕಿರುಚಾಡುವ ಮಕ್ಕಳಲ್ಲಿ ಧ್ವನಿತಂತುಗಳ ಮೇಲೆ ಪುಟ್ಟ ಗಂಟುಗಳಾಗಬಹುದು. ಕಿರುಚಾಟ ತಗ್ಗಿಸಿ, ಧ್ವನಿ ಬಳಸುವ ತರಬೇತಿ ಪಡೆದರೆ ಹೆಚ್ಚಿನವು ವಾಸಿಯಾಗುತ್ತವೆ. ಆದರೆ ಯಾರದೇ ಧ್ವನಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ, ಅದರಲ್ಲೂ ಬೀಡಿ, ಸಿಗರೇಟು ಸೇದುವವರಾಗಿದ್ದರೆ, ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು. ಶುಂಠಿ ಕಷಾಯ, ಕಲ್ಲುಸಕ್ಕರೆ ಗಂಟಲಿಗೆ ಹಿತವೆನಿಸಬಹುದು. ಎದೆಯಲ್ಲಿ ಒತ್ತಡಕ್ಕೆ ಸಿಕ್ಕ ನರವನ್ನು ಅವು ತಲುಪಲಾರವು.