ಬೆಳಕು ಬಿದ್ದರೆ ಬದಲಾಗುವ ಚಿಪ್

ಮಾಮೂಲಿ ಚಿಪ್ಪಿನ ಹಣೆಬರಹ ಕಾರ್ಖಾನೆಯಲ್ಲೇ ಬರೆದು ಮುಗಿದಿರುತ್ತದೆ. ಎಫ್‌ಪಿಜಿಎ ಜಾತಿಯವು ಹಾಗಲ್ಲ. ಅಮೆರಿಕದ ಝೈಲಿಂಕ್ಸ್ ಕಂಪನಿ 1985ರಲ್ಲಿ ತಂದ ಎಕ್ಸ್‌ಸಿ2064 ಚಿಪ್‌ನಲ್ಲಿ 64 ತರ್ಕಘಟಕಗಳಿದ್ದವು. ಯಾವುದು ಏನು ಮಾಡಬೇಕು, ಯಾವ ತಂತಿ ಎಲ್ಲಿಗೆ ಸೇರಬೇಕು ಎಂಬುದು ಕೊಂಡವರ ಇಷ್ಟ. ಆ ಇಷ್ಟವೆಲ್ಲ ಸೊನ್ನೆ, ಒಂದುಗಳಾಗಿ ಚಿಪ್‌ನೊಳಗಿನ ಮೆಮೊರಿಯಲ್ಲಿ ಕೂರುತ್ತದೆ. ಬಿಟ್‌ಗಳನ್ನು ಬದಲಿಸಿದರೆ ಸರ್ಕ್ಯೂಟೇ ಬದಲು.

ತೊಡಕಿರುವುದು ಈ ಬದಲಾವಣೆಯಲ್ಲೇ. ಇಂದಿನ ದೊಡ್ಡ ಎಫ್‌ಪಿಜಿಎಗೆ ಕೋಟಿಗಟ್ಟಲೆ ಬಿಟ್‌ಗಳು ಬೇಕು. ಅಷ್ಟೂ ಹೊರಗಿನ ಫ್ಲ್ಯಾಶ್ ಮೆಮೊರಿಯಿಂದ ಕೆಲವೇ ಪಿನ್‌ಗಳ ಮೂಲಕ ಸರತಿಯಲ್ಲಿ ಒಳಬರಬೇಕು. ಇದಕ್ಕೆ 100 ಮಿಲಿಸೆಕೆಂಡ್ ಹಿಡಿಯಿತೆನ್ನಿ. ನಮಗದು ಲೆಕ್ಕಕ್ಕಿಲ್ಲ, 100 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್‌ಗೆ ಒಂದು ಕೋಟಿ ಹೆಜ್ಜೆ ದಂಡ.

ಬಿಟ್‌ಗಳನ್ನು ಬೆಳಕಿನಲ್ಲೇ ಕಳಿಸಿದರೆ? 1990ರ ದಶಕದ ಕೊನೆಯಲ್ಲಿ ಕ್ಯಾಲ್‌ಟೆಕ್‌ನ ಡಿಮಿಟ್ರಿ ಸಾಲ್ಟಿಸ್ ಅವರ ತಂಡ ಈ ದಾರಿ ಹಿಡಿಯಿತು. ಮುಂದೆ ಜಪಾನಿನಲ್ಲಿ ಮಿನೊರು ವಟನಾಬೆ ಅದನ್ನು ಬಹುದೂರ ಒಯ್ದರು. ಮೇಲೆ ಪುಟ್ಟ ಲೇಸರ್‌ಗಳ ಸಾಲು, ನಡುವೆ ಹಲವು ಸರ್ಕ್ಯೂಟ್‌ಗಳ ನಕ್ಷೆ ತುಂಬಿದ ಹೊಲೊಗ್ರಾಮ್, ಕೆಳಗೆ ಚಿಪ್. ಒಂದೊಂದು ಲೇಸರ್ ಹೊತ್ತಿಸಿದಾಗ ಒಂದೊಂದು ನಕ್ಷೆ ಚುಕ್ಕೆಗಳ ಚಿತ್ರವಾಗಿ ಚಿಪ್ ಮೇಲೆ ಮೂಡುತ್ತದೆ. ಅಲ್ಲಿ ಹರಡಿರುವ ಫೋಟೊಡಯೋಡ್‌ಗಳು ಬೆಳಕು ಬಿದ್ದರೆ ಒಂದು, ಬೀಳದಿದ್ದರೆ ಸೊನ್ನೆ ಎಂದು ಓದಿಕೊಳ್ಳುತ್ತವೆ. ಒಂದೇ ತೂಬಿನಿಂದ ಬಯಲಿಗೆಲ್ಲ ನೀರು ಹಾಯಿಸುವುದಕ್ಕೂ ಮಳೆ ಸುರಿಯುವುದಕ್ಕೂ ಇರುವ ವ್ಯತ್ಯಾಸ ಇದು. ಪ್ರಯೋಗಾಲಯದ ಸಣ್ಣ ಚಿಪ್‌ಗಳಲ್ಲಿ ಬದಲಾವಣೆಯ ಹೊತ್ತು ನ್ಯಾನೊಸೆಕೆಂಡುಗಳಿಗೆ ಇಳಿದಿದೆ.

ನನಗೆ ವೇಗಕ್ಕಿಂತ ದೊಡ್ಡದೆನಿಸುವ ಗುಣ ಇನ್ನೊಂದಿದೆ. ಅಂತರಿಕ್ಷದ ವಿಕಿರಣ ಮಾಮೂಲಿ ಎಫ್‌ಪಿಜಿಎಯ ಒಂದು ಬಿಟ್ ತಿರುಗಿಸಿದರೂ ಸಾಕು, ಲೆಕ್ಕ ಮಾತ್ರವಲ್ಲ, ಲೆಕ್ಕ ಮಾಡುವ ಸರ್ಕ್ಯೂಟೇ ಕೆಡಬಹುದು. ಹೊಲೊಗ್ರಾಮ್‌ನಲ್ಲಾದರೋ ಪ್ರತಿ ಬಿಟ್ಟೂ ಇಡೀ ಹಾಳೆಯಲ್ಲಿ ಹರಡಿರುತ್ತದೆ. ಒಂದು ಮೂಲೆ ಹಾಳಾದರೆ ಚಿತ್ರ ಕೊಂಚ ಮಂಕಾಗುತ್ತದೆ, ಅಳಿಯುವುದಿಲ್ಲ. ಚಿಪ್ ಮೇಲಿನ ಬಿಟ್ ಕೆಟ್ಟರೆ ಮತ್ತೊಮ್ಮೆ ಲೇಸರ್ ಹೊತ್ತಿಸಿದರಾಯಿತು. ಚಿಪ್ಪಿನ ಒಂದು ಭಾಗವೇ ಸತ್ತರೆ, ಅದನ್ನು ಬಿಟ್ಟು ಉಳಿದದ್ದನ್ನು ಬಳಸುವ ನಕ್ಷೆಯನ್ನೂ ಮೊದಲೇ ಹೊಲೊಗ್ರಾಮ್‌ನಲ್ಲಿ ಇಟ್ಟಿರಬಹುದು.

ಹಾಗಿದ್ದೂ ಅಂಗಡಿಗೇಕೆ ಬಂದಿಲ್ಲ? ಲೇಸರ್, ಹೊಲೊಗ್ರಾಮ್, ಚಿಪ್ ಮೂರೂ ಕೂದಲೆಳೆಯಷ್ಟೂ ಅಲುಗದೆ ಒಂದರೆದುರು ಒಂದು ನಿಲ್ಲಬೇಕು. ಫೋಟೊಡಯೋಡ್‌ಗಳು ತರ್ಕಘಟಕಗಳ ಜಾಗವನ್ನು ತಿನ್ನುತ್ತವೆ. ಅಗ್ಗದ ಫ್ಲ್ಯಾಶ್ ಮೆಮೊರಿಯೇ ಸಾಕೆನ್ನುವ ಗಿರಾಕಿಗೆ ಇಷ್ಟೆಲ್ಲ ಸರಂಜಾಮು ಬೇಡ. ಈ ತಂತ್ರಕ್ಕೆ ನೆಲೆ ಸಿಕ್ಕುವುದಾದರೆ ಅದು ರಿಪೇರಿಗೆ ಮನುಷ್ಯ ಹೋಗಲಾಗದ ಕಡೆ: ಉಪಗ್ರಹದಲ್ಲಿ, ಇಲ್ಲವೇ ಕೆಟ್ಟುನಿಂತ ಪರಮಾಣು ರಿಯಾಕ್ಟರ್‌ಗೆ ಇಳಿಯುವ ರೋಬೋಟ್‌ನಲ್ಲಿ.